ಶ್ಯಾಕಲ್ ಮೇಲಿನ ಟನ್ ಯಾವಾಗ ನಿಜ: ಭಾರ ಎತ್ತುವವರಿಗೊಂದು ಮಾರ್ಗದರ್ಶಿ

ಪೀಣ್ಯದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಗರ್ಡರ್ ಲೋಡ್ ಮಾಡುವ ಹೊತ್ತು. ಟ್ರೈಲರ್ ಹಿಂದೆ ಹಾಕಿ ನಿಲ್ಲಿಸಿದ್ದಾರೆ. ಕ್ರೇನ್ ಎಷ್ಟು ಟನ್ನಿನದು ಎಂದು ಸೂಪರ್‌ವೈಸರ್ ಎರಡು ಸಲ ಕೇಳಿ ಆಗಿದೆ. ಭಾರ ತೂಗುಹಾಕುವ ಹಗ್ಗದ, ಅಂದರೆ ಸ್ಲಿಂಗಿನ, ಎಳೆ ಕಿತ್ತಿದೆಯೇ ಎಂದು ಖಲಾಸಿಗಳು ಒಮ್ಮೆ ಕೈಯಾಡಿಸಿಯೂ ನೋಡಿದ್ದಾರೆ. ಆದರೆ ಸ್ಲಿಂಗನ್ನೂ ಗರ್ಡರನ್ನೂ ಜೋಡಿಸುವ ಶ್ಯಾಕಲ್ (ಬಾಯಿಗೆ ಅಡ್ಡ ಪಿನ್ ಹಾಕುವ ಬಾಗಿದ ಕಬ್ಬಿಣದ ಕೊಂಡಿ) ಮಾತ್ರ ಡಬ್ಬದಲ್ಲಿ ಕೈಗೆ ಮೊದಲು ಸಿಕ್ಕಿದ್ದು. ಅದರ ಮೇಲೆ 4.75 ಟನ್ ಎಂದು ಬರೆದಿದ್ದರೆ ಯಾರೂ ಮುಂದೆ ಏನೂ ಕೇಳುವುದಿಲ್ಲ.

ಕೇಳಬೇಕು. ಆ ಸಂಖ್ಯೆ ನಿಜವಾಗುವುದು ಶ್ಯಾಕಲ್ ಒಂದು ನಿರ್ದಿಷ್ಟ ಭಂಗಿಯಲ್ಲಿ ಇದ್ದಾಗ ಮಾತ್ರ. ಪಿನ್ ಪೂರ್ತಿ ಕೂತಿರಬೇಕು, ಎಳೆತ ಪಿನ್ನಿನ ನಡುವಿನಿಂದ ಹೊರಟು ಕಮಾನಿನ (ಬಾಗಿದ ಭಾಗದ) ನಡುವಿಗೆ ನೇರ ಹೋಗಬೇಕು, ಜರ್ಕ್ ಬೀಳಬಾರದು, ಕಬ್ಬಿಣ ಸವೆದಿರಬಾರದು. ಭಂಗಿ ಕೆಟ್ಟರೆ ಅದೇ ಶ್ಯಾಕಲ್ಲಿನ ತಾಕತ್ತು ಅರ್ಧಕ್ಕೂ ಇಳಿಯಬಹುದು. ಶ್ಯಾಕಲ್ ಬಳಸುವ ಕೆಲಸವೆಲ್ಲ ಈ ಭಂಗಿಯನ್ನು ಕಾಪಾಡುವ ಕೆಲಸವೇ ಎಂದು ನಾನು ನಂಬಿದ್ದೇನೆ. ಮುಂದಿನ ಹೆಜ್ಜೆಗಳನ್ನೂ ಅದೇ ಕಣ್ಣಿನಿಂದ ಬರೆದಿದ್ದೇನೆ. ಉದಾಹರಣೆಗೆ 6 ಟನ್ ತೂಕದ, ಮೇಲೆ 3 ಮೀಟರ್ ಅಂತರದಲ್ಲಿ ಎರಡು ಲಗ್ (ಶ್ಯಾಕಲ್ ಸಿಕ್ಕಿಸಲು ತೂತು ಇರುವ ಪ್ಲೇಟ್) ಬೆಸೆದಿರುವ ಒಂದು ಗರ್ಡರ್ ಹಿಡಿಯೋಣ.

ಮೊದಲು ತೂಕ

ಅಂದಾಜಿನ ತೂಕ ಸಾಲದು. ಮಷೀನ್ ಆದರೆ ನೇಮ್‌ಪ್ಲೇಟ್ ನೋಡಿ, ಪೆಟ್ಟಿಗೆಯಲ್ಲಿ ಬಂದಿದ್ದರೆ ಪ್ಯಾಕಿಂಗ್ ಲಿಸ್ಟ್ ನೋಡಿ. ಫ್ಯಾಬ್ರಿಕೇಷನ್ ಮಾಲಾದರೆ ಲೆಕ್ಕ ಸುಲಭ: ಒಂದು ಚದರ ಮೀಟರ್ ಸ್ಟೀಲ್ ಪ್ಲೇಟ್ ಒಂದು ಮಿಲಿಮೀಟರ್ ದಪ್ಪಕ್ಕೆ 7.85 ಕಿಲೋ ತೂಗುತ್ತದೆ. 20 ಮಿ.ಮೀ. ಪ್ಲೇಟಿಗೆ ಚದರ ಮೀಟರಿಗೆ 157 ಕಿಲೋ. ಕಲ್ಲು ಕ್ವಾರಿಯವರಿಗೂ ಇಂಥದ್ದೇ ಲೆಕ್ಕ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್ ಇರುವುದರಿಂದ ಎರಡು ಮೀಟರ್ ಉದ್ದ, ಒಂದೊಂದು ಮೀಟರ್ ಅಗಲ ಎತ್ತರದ ಬ್ಲಾಕ್ 5.4 ಟನ್ನಿನ ಆಸುಪಾಸು.

ಹಳೇ ಮಷೀನ್ ಕೀಳುವಾಗ ಒಳಗೆ ಉಳಿದ ಎಣ್ಣೆ, ಕೂಲಂಟ್, ಬಿಚ್ಚದೆ ಬಿಟ್ಟ ಫಿಕ್ಸ್ಚರ್, ತಳಕ್ಕೆ ಅಂಟಿದ ಗ್ರೌಟ್ ಇವೆಲ್ಲ ತೂಕಕ್ಕೆ ಸೇರುತ್ತವೆ. ಬಿಚ್ಚಲು ಮರೆತ ಒಂದು ಫೌಂಡೇಷನ್ ಬೋಲ್ಟ್ ಇದ್ದರಂತೂ ನೀವು ಎತ್ತುತ್ತಿರುವುದು ಮಷೀನನ್ನಷ್ಟೇ ಅಲ್ಲ, ನೆಲವನ್ನೂ ಸೇರಿಸಿ. ಆಗ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಎತ್ತುವ ಮೊದಲು ಸುತ್ತಲೂ ಒಂದು ಸಲ ಬಗ್ಗಿ ನೋಡಿ.

ತೂಕದ ಜೊತೆಗೆ ಅದರ ಗುರುತ್ವ ಕೇಂದ್ರ ಎಲ್ಲಿದೆ ಎಂಬುದೂ ಗೊತ್ತಿರಬೇಕು. ಲೇಥ್ ಮಷೀನಿನಲ್ಲಿ ಹೆಡ್‌ಸ್ಟಾಕ್ ಇರುವ ಕಡೆಗೇ ಭಾರ ಜಾಸ್ತಿ. ಆ ಕಡೆಯ ಶ್ಯಾಕಲ್ ಮೇಲೆ ಅರ್ಧಕ್ಕಿಂತ ಹೆಚ್ಚು ತೂಕ ಬೀಳುತ್ತದೆ. ಅಂಥ ಕಡೆ ಭಾರದ ಬದಿಯ ಲೆಕ್ಕ ಹಿಡಿದು ಎರಡೂ ಬದಿಗೆ ಅದೇ ಸೈಜ್ ಹಾಕಿ.

ಸ್ಲಿಂಗ್ ಎಷ್ಟು ಉದ್ದ?

ಶ್ಯಾಕಲ್ ಸೈಜ್ ಆರಿಸುವ ಮುಂಚೆ ಸ್ಲಿಂಗಿನ ಉದ್ದ ತೀರ್ಮಾನವಾಗಬೇಕು. 6 ಟನ್ನನ್ನು ಎರಡು ಕಾಲಿಗೆ (ಹುಕ್ಕಿನಿಂದ ಒಂದೊಂದು ಲಗ್ಗಿಗೆ ಇಳಿಯುವ ಸ್ಲಿಂಗಿಗೆ) ಹಂಚಿದರೆ ತಲಾ 3 ಟನ್ ಎನ್ನುವುದು ಕಾಲುಗಳು ನೆಟ್ಟಗೆ ನಿಂತಾಗಿನ ಮಾತು. ಕಾಲು ಓರೆಯಾದಷ್ಟೂ ಎಳೆತ ಏರುತ್ತದೆ. ಎಷ್ಟು ಏರುತ್ತದೆ ಎಂದು ತಿಳಿಯಲು ಕೋನಮಾಪಕ ಬೇಡ, ಜೇಬಿನಲ್ಲಿರುವ ಟೇಪ್ ಸಾಕು. ಸ್ಲಿಂಗಿನ ಒಂದು ಕಾಲಿನ ಉದ್ದವನ್ನು ಅಳೆಯಿರಿ. ಹುಕ್ಕಿನಿಂದ ಲಗ್ಗಿನ ಮಟ್ಟದವರೆಗಿನ ನೇರ ಎತ್ತರವನ್ನೂ ಅಳೆಯಿರಿ. ಉದ್ದವನ್ನು ಎತ್ತರದಿಂದ ಭಾಗಿಸಿ, ಬಂದದ್ದನ್ನು ಅರ್ಧ ತೂಕಕ್ಕೆ ಗುಣಿಸಿದರೆ ಒಂದು ಕಾಲಿನ ಎಳೆತ ಸಿಗುತ್ತದೆ.

ನಮ್ಮ ಗರ್ಡರಿಗೆ 3 ಮೀಟರಿನ ಕಾಲು ಹಾಕಿದರೆ ಹುಕ್ಕು ಲಗ್ಗಿನಿಂದ 2.6 ಮೀಟರ್ ಮೇಲಿರುತ್ತದೆ, ಎಳೆತ ಸುಮಾರು 3.5 ಟನ್. ಶೆಡ್ಡಿನ ಎತ್ತರ ಸಾಲದೆಂದು 2.1 ಮೀಟರಿನ ಕಾಲು ಹಾಕಿದರೆ ಎತ್ತರ ಒಂದೂವರೆ ಮೀಟರಿಗೆ ಇಳಿದು ಎಳೆತ 4.3 ಟನ್ನಿಗೆ ಹತ್ತುತ್ತದೆ. 1.75 ಮೀಟರಿನ ಗಿಡ್ಡ ಕಾಲು ಹಾಕಿದರೋ, ಎಳೆತ 5.8 ಟನ್. ಗರ್ಡರ್ ಅದೇ, ಕ್ರೇನ್ ಅದೇ, ತೂಕ ಒಂದು ಕಿಲೋ ಕೂಡ ಹೆಚ್ಚಿಲ್ಲ. ಆದರೂ ಒಂದೊಂದು ಶ್ಯಾಕಲ್ ಹೆಚ್ಚುಕಡಿಮೆ ಇಡೀ ಗರ್ಡರಿನ ಭಾರವನ್ನು ಹೊತ್ತಂತಾಯಿತು.

ಲೆಕ್ಕ ಹಾಕಲು ಪುರುಸೊತ್ತಿಲ್ಲದ ಕಡೆ ಒಂದು ಸುಲಭದ ಗುರುತು ಇಟ್ಟುಕೊಳ್ಳಿ: ಲಗ್ಗುಗಳ ನಡುವಿನ ದೂರಕ್ಕಿಂತ ಸ್ಲಿಂಗಿನ ಕಾಲು ಗಿಡ್ಡ ಇರಬಾರದು. ಎರಡೂ ಸಮವಾದರೆ ಕಾಲುಗಳ ನಡುವಿನ ಕೋನ ಸರಿಯಾಗಿ 60 ಡಿಗ್ರಿ. ಅದಕ್ಕಿಂತ ಕಾಲು ಉದ್ದವಾದಷ್ಟೂ ಒಳ್ಳೆಯದು. ಎತ್ತರ ಸಿಗದ ಕಡೆ ಗಿಡ್ಡ ಸ್ಲಿಂಗ್ ಹಾಕಿ ಎಳೆದಾಡುವುದಕ್ಕಿಂತ ಸ್ಪ್ರೆಡರ್ ಬೀಮ್ (ಸ್ಲಿಂಗುಗಳನ್ನು ಅಗಲಿಸಿ ನೆಟ್ಟಗೆ ಇಳಿಬಿಡುವ ಅಡ್ಡ ತೊಲೆ) ತರಿಸುವುದು ಮೇಲು. ನಾಲ್ಕು ಕಾಲಿನ ಸ್ಲಿಂಗ್ ಇದ್ದರೆ ನಾಲ್ಕೂ ಸಮನಾಗಿ ಹೊರುತ್ತವೆ ಎಂದು ನಂಬಬೇಡಿ. ಗಟ್ಟಿ ಚೌಕಟ್ಟಿನ ಮಾಲು ಎದುರುಬದಿರಿನ ಎರಡೇ ಕಾಲಿನ ಮೇಲೆ ನಿಂತುಬಿಡಬಹುದು. ಹಾಗಾಗಿ ಎರಡೇ ಕಾಲು ಎಂದು ಲೆಕ್ಕ ಹಿಡಿಯುವುದು ಕ್ಷೇಮ.

ಯಾವ ಶ್ಯಾಕಲ್?

ಎಳೆತ ಗೊತ್ತಾದ ಮೇಲೆ ಆಯ್ಕೆ ಕಷ್ಟವಲ್ಲ. ಲಿಫ್ಟಿಂಗ್‌ಗೆಂದು ಮಾರುವ ಗ್ರೇಡ್ 6 (ಉಕ್ಕಿನ ಬಲದ ದರ್ಜೆ) ಶ್ಯಾಕಲ್ಲುಗಳಲ್ಲಿ ಅರ್ಧ ಇಂಚಿನದು 2 ಟನ್, 5/8 ಇಂಚಿನದು 3.25 ಟನ್, ಮುಕ್ಕಾಲು ಇಂಚಿನದು 4.75 ಟನ್, 7/8 ಇಂಚಿನದು 6.5 ಟನ್, ಒಂದು ಇಂಚಿನದು 8.5 ಟನ್, ಒಂದೂಕಾಲು ಇಂಚಿನದು 12 ಟನ್. ಇಲ್ಲಿ ಇಂಚು ಎಂದರೆ ಕಮಾನಿನ ಕಬ್ಬಿಣದ ದಪ್ಪ. ಪಿನ್ ಈ ಸೈಜುಗಳಲ್ಲಿ ಅದಕ್ಕಿಂತ 1/8 ಇಂಚು ಹೆಚ್ಚು ದಪ್ಪ ಇರುತ್ತದೆ. ಪಿನ್ ಅಳೆದು ಇದು 7/8 ಇಂಚಿನ ಶ್ಯಾಕಲ್ ಎಂದುಕೊಂಡರೆ ಒಂದು ಸೈಜ್ ಮೋಸ ಹೋದಂತೆ. ಸಾದಾ ಮೈಲ್ಡ್ ಸ್ಟೀಲಿನ ಶ್ಯಾಕಲ್ ಇದೇ ದಪ್ಪದಲ್ಲಿ ಇಷ್ಟು ಹೊರುವುದಿಲ್ಲ. ಆದ್ದರಿಂದ ಸೈಜ್ ನೋಡಿ ಟನ್ ಊಹಿಸಬಾರದು, ಮೈಮೇಲೆ ಅಚ್ಚೊತ್ತಿದ್ದನ್ನೇ ಓದಬೇಕು.

3 ಮೀಟರ್ ಕಾಲಿನ 3.5 ಟನ್ ಎಳೆತಕ್ಕೆ 5/8 ಸಾಲದು, ಮುಕ್ಕಾಲು ಇಂಚು ಸಾಕು. 1.75 ಮೀಟರ್ ಕಾಲಿಗೆ ಮುಕ್ಕಾಲು ಇಂಚೂ ಸಾಲದು, 7/8 ಬೇಕು.

ಆಕಾರದಲ್ಲಿ ಎರಡು ಬಗೆ. ಡಿ-ಶ್ಯಾಕಲ್ಲಿನ ಒಳಗೆ ಜಾಗ ಕಿರಿದು, ಒಂದೇ ಸ್ಲಿಂಗ್ ನೇರ ಎಳೆಯುವ ಕಡೆಗೆ ಅದು. ಬೋ ಶ್ಯಾಕಲ್ಲಿನ ಕಮಾನು ಅಗಲ, ಎರಡು ಮೂರು ಸ್ಲಿಂಗಿನ ಕಣ್ಣು (ತುದಿಯ ಕುಣಿಕೆ) ಕೂರುತ್ತದೆ, ಸ್ವಲ್ಪ ಆಚೀಚೆ ಎಳೆದರೂ ತಾಳಿಕೊಳ್ಳುತ್ತದೆ. ಎರಡರಲ್ಲೂ ಪಿನ್ ತಿರುಪಿನದಾಗಿರಬಹುದು, ಅಥವಾ ಬೋಲ್ಟಿಗೆ ನಟ್ ಹಾಕಿ ಅದರ ಮೇಲೆ ಕಾಟರ್ ಪಿನ್ (ತೂತಿನಲ್ಲಿ ತೂರಿಸಿ ತುದಿ ಬಗ್ಗಿಸುವ ಸಣ್ಣ ಸೀಳು ಪಿನ್) ಮಡಚುವುದಾಗಿರಬಹುದು. ದಿನಕ್ಕೆ ಹತ್ತು ಸಲ ಹಾಕಿ ಬಿಚ್ಚುವ ಕೆಲಸಕ್ಕೆ ತಿರುಪಿನ ಪಿನ್ ಸರಿ. ವಾರಗಟ್ಟಲೆ ಹಾಗೇ ಇರಬೇಕಾದ ಕಡೆ, ಅದುರುವ ಕಡೆ, ಭಾರ ತಿರುಗಾಡುವ ಕಡೆ ನಟ್ ಮತ್ತು ಕಾಟರ್ ಪಿನ್ ಇರುವುದನ್ನೇ ಹಾಕಿ.

ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಗಳಲ್ಲಿ ಯಾವ ಗುರುತೂ ಇಲ್ಲದ ಹೊಳೆಯುವ ಶ್ಯಾಕಲ್ಲುಗಳು ಸಿಗುತ್ತವೆ. ಗೇಟಿನ ಸರಪಳಿಗೆ, ತಾಡಪತ್ರಿ ಕಟ್ಟಲು ಅವು ಸಾಕು. ಎತ್ತುವ ಕೆಲಸಕ್ಕೆ ಬಳಸುವ ಶ್ಯಾಕಲ್ ಮೇಲೆ ತಯಾರಕರ ಹೆಸರು ಅಥವಾ ಮುದ್ರೆ, ಎಷ್ಟು ಟನ್, ಯಾವ ಸೈಜ್ ಇಷ್ಟಾದರೂ ಅಚ್ಚೊತ್ತಿರಲೇಬೇಕು, ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಬೇಕು. ಕ್ರಾಸ್ಬಿ ಕಂಪನಿಯವರ ಪಿನ್ ಕೆಂಪು, ವ್ಯಾನ್ ಬೀಸ್ಟ್‌ನವರದು ಹಸಿರು ಎಂಬುದು ರಿಗ್ಗಿಂಗ್‌ನವರಿಗೆಲ್ಲ ಗೊತ್ತು. ಬಣ್ಣ ಬಳಿಯುವುದು ಯಾರಿಗಾದರೂ ಸುಲಭ, ಹಾಗಾಗಿ ಬಣ್ಣ ಕಂಡ ಕೂಡಲೇ ನಂಬದೆ ಅಚ್ಚನ್ನು ಓದಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಒಳ್ಳೇ ಶ್ಯಾಕಲ್ ಬರೆದದ್ದಕ್ಕಿಂತ ಐದಾರು ಪಟ್ಟು ಭಾರಕ್ಕೆ ಮುರಿಯುತ್ತದೆ, ಅದು ತಯಾರಿಕೆಯಲ್ಲೇ ಇಟ್ಟ ಅಂತರ. "ಐದು ಪಟ್ಟು ಇದೆಯಲ್ಲ, ಒಂದು ಟನ್ ಹೆಚ್ಚಾದ್ರೆ ಏನ್ ಮಹಾ" ಎಂಬ ಮಾತು ಸೈಟಿನಲ್ಲಿ ಆಗಾಗ ಕೇಳುತ್ತದೆ. ಆ ಅಂತರ ಇರುವುದು ಕಣ್ಣಿಗೆ ಕಾಣದ ಸವೆತಕ್ಕೆ, ಅಂದಾಜಿಗೆ ಸಿಗದ ಜರ್ಕಿಗೆ, ತಪ್ಪಿದ ಕೋನಕ್ಕೆ. ಅದನ್ನು ತೂಕಕ್ಕೇ ಖರ್ಚು ಮಾಡಿಬಿಟ್ಟರೆ ಉಳಿದವಕ್ಕೆ ಏನೂ ಇರುವುದಿಲ್ಲ. ಮುರಿಯುವುದಕ್ಕೆ ಬಹಳ ಮುಂಚೆಯೇ ಶ್ಯಾಕಲ್ ಬಾಗಿ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದೂ ನೆನಪಿರಲಿ.

ಅಡ್ಡ ಎಳೆತ

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದು, ಸೈಟಿನಲ್ಲಿ ಅತಿ ಕಡಿಮೆ ಮಾತಾಡುವುದೂ ಇದನ್ನೇ.

ಶ್ಯಾಕಲ್ಲನ್ನು ಕೈಯಲ್ಲಿ ಹಿಡಿದು ಎದುರಿಗೆ ನೋಡಿ. ಪಿನ್ ಅಡ್ಡಕ್ಕಿದೆ, ಕಮಾನು ಮೇಲಿದೆ, ಪಿನ್ ತೂರುವ ಎರಡು ತುದಿಗಳೇ ಕಿವಿಗಳು. ಸ್ಲಿಂಗ್ ಎಳೆಯಬೇಕಾದದ್ದು ಪಿನ್ನಿಗೆ ಲಂಬವಾಗಿ, ಕಮಾನಿನ ತುದಿಯ ಕಡೆಗೆ. ಅದು ಪಿನ್ನಿನ ಒಂದು ತುದಿಯ ಕಡೆಗೆ ವಾಲಿ ಎಳೆದರೆ ಒಂದು ಕಿವಿಗೆ ಭಾರವೆಲ್ಲ ಬೀಳುತ್ತದೆ, ಇನ್ನೊಂದು ಕಿವಿ ತೆರೆದುಕೊಳ್ಳಲು ಹವಣಿಸುತ್ತದೆ, ಪಿನ್ ಬಾಗುತ್ತದೆ. ಅಮೆರಿಕದ ಎಎಸ್‌ಎಂಇ ಬಿ30.26 ಮಾನದಂಡದ ಪ್ರಕಾರ ಈ ವಾಲು 45 ಡಿಗ್ರಿ ಆದಾಗ ಶ್ಯಾಕಲ್ಲಿನ ಟನ್ನಿನಲ್ಲಿ ನೂರಕ್ಕೆ 30 ಭಾಗ ಕಳೆಯಬೇಕು, 90 ಡಿಗ್ರಿ ಆದಾಗ ಅರ್ಧವನ್ನೇ ಕಳೆಯಬೇಕು. ತಿರುಪಾಗಲಿ ನಟ್ ಆಗಲಿ ಇಲ್ಲದ, ಬರೀ ಕಾಟರ್ ಪಿನ್ನಿನ ಮೇಲೆ ನಿಂತ ಪಿನ್ನಿನ ಶ್ಯಾಕಲ್ಲಿಗೆ ಅಡ್ಡ ಎಳೆತ ಸಲ್ಲದು.

ಇದು ಗರ್ಡರ್ ಕೆಲಸದಲ್ಲಿ ಹೇಗೆ ಬರುತ್ತದೆ ನೋಡಿ. ಲಗ್ ಪ್ಲೇಟನ್ನು ಗರ್ಡರಿನ ಉದ್ದಕ್ಕೆ, ವೆಬ್ಬಿನ (ನಡುವೆ ನಿಂತ ಪ್ಲೇಟಿನ) ಸಾಲಿನಲ್ಲೇ ಬೆಸೆದಿದ್ದರೆ ಪಿನ್ ಗರ್ಡರಿಗೆ ಅಡ್ಡವಾಗಿ ನಿಲ್ಲುತ್ತದೆ. ಸ್ಲಿಂಗ್ ಹುಕ್ಕಿನ ಕಡೆಗೆ ಓರೆಯಾದಾಗ ಶ್ಯಾಕಲ್ ಪಿನ್ನಿನ ಮೇಲೆ ತಾನಾಗಿ ತಿರುಗಿ ಎಳೆತದ ಸಾಲಿಗೆ ಬರುತ್ತದೆ. ಎಲ್ಲ ಸರಿ. ಆದರೆ ವೆಲ್ಡರ್ ಅದೇ ಲಗ್ಗನ್ನು ಫ್ಲ್ಯಾಂಜಿಗೆ (ಮೇಲಿನ ಚಪ್ಪಟೆ ಪ್ಲೇಟಿಗೆ) ಅಡ್ಡಲಾಗಿ ಬೆಸೆದಿದ್ದರೆ ಪಿನ್ ಗರ್ಡರಿನ ಉದ್ದಕ್ಕೆ ಮಲಗುತ್ತದೆ. ಈಗ ಶ್ಯಾಕಲ್ ತಿರುಗಬಲ್ಲ ದಿಕ್ಕು ಬೇರೆ, ಎಳೆತದ ದಿಕ್ಕು ಬೇರೆ. 2.1 ಮೀಟರ್ ಕಾಲು ಹಾಕಿದಾಗ ವಾಲು ಸುಮಾರು 45 ಡಿಗ್ರಿ. 4.75 ಟನ್ನಿನ ಶ್ಯಾಕಲ್ ಆ ಭಂಗಿಯಲ್ಲಿ ಹೊರಬಲ್ಲದ್ದು 3.3 ಟನ್, ಬೀಳುತ್ತಿರುವುದು 4.3 ಟನ್. ನೇರ ನಿಂತ ಲಗ್ಗಿನಲ್ಲಿ ಅರ್ಧ ಟನ್ನಿನಷ್ಟು ಮಿಗಿಸಿಕೊಂಡಿದ್ದ ಶ್ಯಾಕಲ್ ಇಲ್ಲಿ ಒಂದು ಟನ್ ಓವರ್‌ಲೋಡ್. 7/8 ಇಂಚಿನದು ಹಾಕಿದರೆ ಶ್ಯಾಕಲ್ ಉಳಿಯಬಹುದು, ಲಗ್ಗಿನ ವೆಲ್ಡಿಂಗ್ ಅಡ್ಡಕ್ಕೆ ಬಾಗುವುದನ್ನು ಅದು ತಡೆಯುವುದಿಲ್ಲ. ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಲಗ್ಗನ್ನು ತೆಗೆದು ಸರಿಯಾದ ದಿಕ್ಕಿಗೆ ಬೆಸೆಯುವುದು. ಡ್ರಾಯಿಂಗ್ ಮಾಡುವವರು ಲಗ್ಗಿನ ದಿಕ್ಕನ್ನು ಬಾಣ ಹಾಕಿ ತೋರಿಸಿದರೆ ಅಂಗಳದಲ್ಲಿ ಅರ್ಧ ದಿನದ ಜಗಳ ಉಳಿಯುತ್ತದೆ.

ಲಗ್ಗಿನ ದಪ್ಪವೂ ಮುಖ್ಯ. ಶ್ಯಾಕಲ್ಲಿನ ಬಾಯಿ (ಎರಡು ಕಿವಿಗಳ ನಡುವಿನ ಜಾಗ) 32 ಮಿ.ಮೀ. ಇದ್ದು ಲಗ್ 12 ಮಿ.ಮೀ. ಇದ್ದರೆ ಭಾರ ಬಿದ್ದಾಗ ಅದು ಒಂದು ಕಿವಿಯ ಕಡೆಗೆ ಸರಿದು ಕೂರುತ್ತದೆ, ಶ್ಯಾಕಲ್ ಓರೆಯಾಗಿ ತೂಗುತ್ತದೆ. ಬಾಯಿಯ ಮುಕ್ಕಾಲು ಭಾಗವನ್ನಾದರೂ ಲಗ್ ತುಂಬುವಂತಿರಲಿ. ಇಲ್ಲದಿದ್ದರೆ ಎರಡೂ ಬದಿಗೆ ಸಮನಾಗಿ ದಪ್ಪ ವಾಷರ್ ಹಾಕಿ ನಡುವಿಗೆ ತನ್ನಿ. ತೂತಿನಲ್ಲಿ ಪಿನ್ ಸಲೀಸಾಗಿ ಹೋಗಬೇಕು. ಗ್ಯಾಸ್ ಕಟರಿನಲ್ಲಿ ಸುಟ್ಟು ಮಾಡಿದ ಒರಟು ತೂತು ಬೇಡ, ಡ್ರಿಲ್ ಮಾಡಿದ್ದೇ ಬೇಕು.

ಕೈಯಲ್ಲಿ ಹಿಡಿದು ನೋಡುವುದು

ಪ್ರತಿ ಸಲ ಹಾಕುವ ಮುಂಚೆ ಅರ್ಧ ನಿಮಿಷದ ಕೆಲಸ. ಮೊದಲು ಬಟ್ಟೆಯಿಂದ ಒರೆಸಿ. ಗ್ರೀಸಿನ ಅಡಿಯಲ್ಲಿ ಬಿರುಕು ಕಾಣುವುದಿಲ್ಲ, ಸಿಮೆಂಟ್ ಹಾಲಿನ ಅಡಿಯಲ್ಲಿ ಅಚ್ಚು ಕಾಣುವುದಿಲ್ಲ.

ಪಿನ್ನನ್ನು ಬೆರಳಿನಲ್ಲೇ ತಿರುಗಿಸಿ ಒಳಗೆ ಹಾಕಿ. ಸರಾಗವಾಗಿ ಕೊನೆಯವರೆಗೆ ಹೋದರೆ ಎರಡು ಸಂಗತಿ ಒಟ್ಟಿಗೆ ತಿಳಿಯುತ್ತದೆ: ತಿರುಪು ಚೆನ್ನಾಗಿದೆ, ಎರಡು ಕಿವಿಯ ತೂತುಗಳು ಒಂದೇ ಸಾಲಿನಲ್ಲಿವೆ. ನಡುವೆ ಬಿಗಿಯಾಗಿ ಪಾನಾ ಬೇಕೆನಿಸಿದರೆ ಶ್ಯಾಕಲ್ ಎಲ್ಲೋ ತಿರುಚಿದೆ, ಇಲ್ಲವೇ ಪಿನ್ ಬಾಗಿದೆ. ಪಿನ್ನನ್ನು ಸಮತಟ್ಟಾದ ಪ್ಲೇಟಿನ ಮೇಲೆ ಉರುಳಿಸಿ ನೋಡಿದರೆ ಸಣ್ಣ ಬಾಗು ಕೂಡ ಕುಂಟುತ್ತಾ ಹೋಗುವುದರಲ್ಲಿ ಗೊತ್ತಾಗುತ್ತದೆ.

ಮುಂದೆ ಸವೆತ. ಎರಡು ಕಡೆ ನೋಡಬೇಕು: ಕಮಾನಿನ ಒಳಮೈಯಲ್ಲಿ ಸ್ಲಿಂಗ್ ಕೂರುವ ಜಾಗ, ಪಿನ್ನಿನ ನಡುಭಾಗ. ಅಲ್ಲಿ ಬಣ್ಣ ಹೋಗಿ ಕಬ್ಬಿಣ ಹೊಳೆಯುತ್ತಿರುತ್ತದೆ, ಹೆಬ್ಬೆರಳು ಆಡಿಸಿದರೆ ಸಣ್ಣ ತಗ್ಗು ತಾಗುತ್ತದೆ. ತಗ್ಗು ತಾಗಿದರೆ ವರ್ನಿಯರ್ ಹಿಡಿಯಿರಿ. ಯಾವ ಜಾಗದಲ್ಲೇ ಆಗಲಿ ಮೂಲ ದಪ್ಪದ ಹತ್ತನೇ ಒಂದು ಭಾಗ ಹೋಗಿದ್ದರೆ ಆ ಶ್ಯಾಕಲ್ ಮುಗಿಯಿತು. ಮುಕ್ಕಾಲು ಇಂಚಿನದೆಂದರೆ 19 ಮಿ.ಮೀ., ಅದು 17ಕ್ಕೆ ಬಂದಿದ್ದರೆ ಪಕ್ಕಕ್ಕಿಡಿ. ಅದರ ಪಿನ್ 22 ಮಿ.ಮೀ., 20ಕ್ಕೆ ಬಂದಿದ್ದರೆ ಪಕ್ಕಕ್ಕಿಡಿ.

ಬಾಯಿ ಅಗಲವಾಗಿದೆಯೇ ಎಂದು ಅದೇ ಸೈಜಿನ, ಅದೇ ಕಂಪನಿಯ ಹೊಸದರ ಪಕ್ಕದಲ್ಲಿ ಹಿಡಿದು ನೋಡಿ. ಕಿವಿಯ ಬುಡ, ತಿರುಪಿನ ಮೊದಲ ಸುತ್ತು, ಕಮಾನಿನ ಹೊರಮೈ, ಬಿರುಕು ಹುಟ್ಟುವ ಜಾಗಗಳಿವು. ವೆಲ್ಡಿಂಗ್ ಕಿಡಿ ಅಂಟಿದ್ದು, ಆರ್ಕ್ ತಾಗಿದ ಕಪ್ಪು ಚುಕ್ಕೆ, ಕಾಯಿಸಿದಾಗ ಬರುವ ನೀಲಿ ಬಣ್ಣ ಕಂಡರೆ ಆ ಶ್ಯಾಕಲ್ ಬೇಡ. ಕಾದು ತಣಿದ ಉಕ್ಕಿನ ಗುಣ ಬದಲಾಗಿರುತ್ತದೆ, ಹೊರಗಿನಿಂದ ಎಷ್ಟು ಎಂದು ಹೇಳಲಾಗುವುದಿಲ್ಲ. ಇದೇ ಕಾರಣಕ್ಕೆ ಬಾಗಿದ ಶ್ಯಾಕಲ್ಲನ್ನು ಕಾಯಿಸಿ ನೆಟ್ಟಗೆ ಮಾಡುವುದು, ಸವೆದ ಜಾಗಕ್ಕೆ ವೆಲ್ಡ್ ತುಂಬುವುದು ಎರಡೂ ನಿಷಿದ್ಧ. ಫೌಂಡ್ರಿ, ಫರ್ನೇಸ್ ಹತ್ತಿರ ಕೆಲಸ ಮಾಡುವವರು ಗಮನಿಸಬೇಕು: ಶ್ಯಾಕಲ್ಲಿನ ಕಬ್ಬಿಣ 204 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ತಯಾರಕರನ್ನು ಕೇಳದೆ ಬಳಸುವಂತಿಲ್ಲ.

ಅಚ್ಚು ಓದಲು ಬಾರದಿದ್ದರೂ ಬಳಸಬಾರದು. ಉಕ್ಕು ಎಷ್ಟೇ ಗಟ್ಟಿಯಾಗಿ ಕಂಡರೂ ಅದರ ಟನ್ ಯಾರಿಗೂ ಗೊತ್ತಿಲ್ಲ.

ಪಿನ್

"ಅಣ್ಣಾ, ಪಿನ್ ಕಾಣಿಸ್ತಿಲ್ಲ, ಇದೇ ಸೈಜಿನ ಬೋಲ್ಟ್ ಐತೆ, ಹಾಕ್ಲಾ?" ಎಂದು ಹೆಲ್ಪರ್ ಹುಡುಗ ಕೇಳುತ್ತಾನೆ. "ಬೇಡಪ್ಪ, ಬೇರೆ ಶ್ಯಾಕಲ್ ತಗೊಂಡ್ ಬಾ. ಅಲ್ಲೀವರೆಗೂ ಯಾರೂ ಎತ್ತೋದು ಬೇಡ" ಎನ್ನುವ ಮೇಸ್ತ್ರಿ ಇದ್ದರೆ ಆ ತಂಡ ಪುಣ್ಯ ಮಾಡಿದೆ. ಅಂಗಡಿಯ ಸಾದಾ ಬೋಲ್ಟ್ ನೋಡಲು ಅಷ್ಟೇ ದಪ್ಪ ಇದ್ದರೂ ಉಕ್ಕು ಬೇರೆ, ಹದ ಬೇರೆ. ಭಾರ ಬೀಳುವ ಜಾಗಕ್ಕೇ ತಿರುಪಿನ ಸುತ್ತುಗಳು ಬಂದು ಕೂತಿರುತ್ತವೆ. ಅದು ಬಾಗುತ್ತದೆ, ಬಾಗಿ ಕಿವಿಗಳನ್ನು ಅಗಲಿಸುತ್ತದೆ. ಇನ್ನೊಂದು ಕಂಪನಿಯ ಶ್ಯಾಕಲ್ಲಿನ ಪಿನ್ ಹಾಕುವುದೂ ಸಲ್ಲದು. ತಿರುಪು ಹೊಂದಿದಂತೆ ಕಂಡರೂ ಕೂರುವ ಅಳತೆ ಹೊಂದಿರುವುದಿಲ್ಲ.

ತಿರುಪಿನ ಪಿನ್ನನ್ನು ಎಷ್ಟು ಬಿಗಿಯಬೇಕು? ಪಿನ್ನಿನ ಭುಜ ಶ್ಯಾಕಲ್ಲಿನ ಕಿವಿಗೆ ಸುತ್ತಲೂ ತಾಗುವವರೆಗೆ, ಕೈಬಿಗಿಯಲ್ಲಿ. ಆಚೆ ಕಿವಿಯ ತೂತಿನ ತುಂಬ ತಿರುಪು ಬಂದಿದೆಯೇ ಎಂದು ಕಣ್ಣಿನಿಂದ ನೋಡಿ. ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡುವ ಹಳೇ ರೂಢಿ ಇನ್ನೂ ಕೆಲವೆಡೆ ಇದೆ, ಆಮೇಲೆ ಬಿಚ್ಚಲು ಸುಲಭ ಎಂಬ ಕಾರಣಕ್ಕೆ. ಅದನ್ನು ಬಿಟ್ಟುಬಿಡಿ. ಆ ಕಾಲು ಸುತ್ತಿನ ಸಡಿಲವೇ ಮುಂದಿನ ಸುತ್ತುಗಳಿಗೆ ದಾರಿ. ಸರಿಯಾಗಿ ಬಿಗಿದ ಪಿನ್ ಭಾರ ಇಳಿಸಿದ ಮೇಲೆ ಕೈಯಲ್ಲೇ ಬಿಚ್ಚುತ್ತದೆ. ಬಿಚ್ಚದೆ ಸುತ್ತಿಗೆ ಬೇಕಾಯಿತು ಎಂದರೆ ಆ ಶ್ಯಾಕಲ್ ಓವರ್‌ಲೋಡ್ ಆಗಿ ಬಾಗಿರುವ ಅನುಮಾನವಿದೆ. ಸುತ್ತಿಗೆ ಏಟು ಹಾಕಿ ಬಿಚ್ಚಿ ಮತ್ತೆ ಡಬ್ಬಕ್ಕೆ ಎಸೆಯಬೇಡಿ, ಪರೀಕ್ಷೆಗೆ ಎತ್ತಿಡಿ.

ಪಿನ್ ತಾನಾಗಿ ತಿರುಗಿಬಿಡುವ ಅಪಾಯ ಇರುವ ಜಾಗ ಚೋಕರ್. ಪೈಪ್ ಕಟ್ಟನ್ನು ಸ್ಲಿಂಗಿನಿಂದ ಸುತ್ತಿ ಅದರ ತುದಿಗೆ ಶ್ಯಾಕಲ್ ಹಾಕಿ ಉರುಳು ಬಿಗಿಯುವ ಹಾಗೆ ಮಾಡುತ್ತೀರಿ. ಇಲ್ಲಿ ಪಿನ್ ಯಾವಾಗಲೂ ಸ್ಲಿಂಗಿನ ಕಣ್ಣಿನಲ್ಲಿರಬೇಕು, ಜಾರುವ ಹಗ್ಗ ಕಮಾನಿನ ಮೇಲೆ ಹಾಯಬೇಕು. ಉಲ್ಟಾ ಹಾಕಿದರೆ ಉರುಳು ಬಿಗಿಯುವಾಗ ಹಗ್ಗ ಪಿನ್ನಿನ ಮೇಲೆ ಉಜ್ಜಿಕೊಂಡು ಹೋಗಿ ಅದನ್ನು ತಿರುಗಿಸುತ್ತದೆ. ತಿರುಗುವ ದಿಕ್ಕು ಬಿಚ್ಚುವ ದಿಕ್ಕಾದರೆ ಮಾಲು ಗಾಳಿಯಲ್ಲಿರುವಾಗಲೇ ಪಿನ್ ಹೊರಗೆ ಬರುತ್ತದೆ.

ತಿರುಪಿನ ಪಿನ್ನನ್ನೇ ದಿನವಿಡೀ ಬಿಡಬೇಕಾದ ಕಡೆ ಬೈಂಡಿಂಗ್ ವೈರ್ ಕಟ್ಟಿ. ಪಿನ್ನಿನ ತಲೆಯಲ್ಲಿರುವ ತೂತಿನಿಂದ ವೈರ್ ತೂರಿಸಿ, ಪಕ್ಕದ ಕಮಾನಿನ ಕಾಲಿಗೆ ಎರಡು ಸುತ್ತು ಸುತ್ತಿ, ತುದಿಗಳನ್ನು ಹೊಸೆದು, ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಚಿ.

ಹುಕ್ಕಿನಲ್ಲಿ ಕೂರಿಸುವುದು

ಎರಡು ಸ್ಲಿಂಗ್ ಕಣ್ಣುಗಳನ್ನು ನೇರ ಹುಕ್ಕಿಗೆ ತುರುಕುವುದಕ್ಕಿಂತ ಒಂದು ದೊಡ್ಡ ಬೋ ಶ್ಯಾಕಲ್ಲಿನ ಮೂಲಕ ಹಾಕುವುದು ಒಳ್ಳೆಯದು. ಪಿನ್ ಹುಕ್ಕಿನ ಬಟ್ಟಲಿನಲ್ಲಿ, ಸ್ಲಿಂಗ್ ಕಣ್ಣುಗಳು ಕಮಾನಿನಲ್ಲಿ. ಪಿನ್ ಒಂದು ಬದಿಗೆ ಸರಿಯದಂತೆ ಹುಕ್ಕಿನ ಎರಡೂ ಕಡೆ ಸ್ಪೇಸರ್ ಹಾಕಿ. ಈ ಶ್ಯಾಕಲ್ ಇಡೀ 6 ಟನ್ ಹೊರಬೇಕು, ಕಾಲಿನ ಎಳೆತದ ಲೆಕ್ಕ ಇದಕ್ಕೆ ಅನ್ವಯಿಸುವುದಿಲ್ಲ. ಒಂದು ಇಂಚಿನದು ಹಾಕಿ. ಕಮಾನಿನಲ್ಲಿ ಕೂತ ಸ್ಲಿಂಗುಗಳ ನಡುವಿನ ಕೋನ 120 ಡಿಗ್ರಿ ದಾಟಬಾರದು, ನಾವು 60ರ ಸುತ್ತಮುತ್ತ ಇಟ್ಟುಕೊಂಡಿದ್ದೇವೆ. ಹುಕ್ಕಿನ ಸೇಫ್ಟಿ ಲ್ಯಾಚ್ ಪೂರ್ತಿ ಮುಚ್ಚಿರಲಿ.

ಬೆಲ್ಟ್ ಸ್ಲಿಂಗಿನ ಕಣ್ಣು ಸಣ್ಣ ಕಮಾನಿನಲ್ಲಿ ಮಡಿಕೆ ಬಿದ್ದು ಮುದುಡಿದರೆ ಅಂಚಿನ ಎಳೆಗಳಷ್ಟೇ ಭಾರ ಹೊತ್ತು ಹರಿಯುತ್ತವೆ. ಅಗಲದ ಕಮಾನು ಬೇಕು. ವೈರ್ ರೋಪಿನ ಕಣ್ಣಿಗೆ ಥಿಂಬಲ್ (ಕಣ್ಣಿನ ಒಳಗೆ ಕೂರುವ ಲೋಹದ ಕವಚ) ಇರಲಿ. ರೋಪನ್ನೇ ತನ್ನಷ್ಟೇ ದಪ್ಪದ ಪಿನ್ನಿನ ಮೇಲೆ ಬಗ್ಗಿಸಿ ಎಳೆದರೆ ಅದರ ಬಲ ಅರ್ಧದಷ್ಟು ಹೋಗುತ್ತದೆ. ಶ್ಯಾಕಲ್ಲಿಗೆ ಶ್ಯಾಕಲ್ ಜೋಡಿಸಬೇಕಾದರೆ ಕಮಾನಿಗೆ ಕಮಾನು ಸೇರಿಸಿ, ಪಿನ್ನಿಗೆ ಪಿನ್ ಬೇಡ.

ಎತ್ತುವುದು

ಸ್ಲಿಂಗಿನ ಸಡಿಲ ತೆಗೆಯುವಾಗ ಕೈ ಶ್ಯಾಕಲ್ ಮೇಲಿರಬಾರದು. ಶ್ಯಾಕಲ್ ಸರಿಯಾಗಿ ಕೂರಲೆಂದು ಹಿಡಿದುಕೊಂಡ ಬೆರಳು ಲಗ್ಗಿಗೂ ಕಮಾನಿಗೂ ನಡುವೆ ಸಿಕ್ಕುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಹಿಡಿಯಲೇಬೇಕಾದರೆ ಹಗ್ಗದ ತುಂಡಿನಿಂದ ಅಥವಾ ಕೋಲಿನಿಂದ.

ಬಿಗಿ ಬಂದ ಕೂಡಲೇ ನಿಲ್ಲಿಸಿ. ಪ್ರತಿಯೊಂದು ಶ್ಯಾಕಲ್ ನೋಡಿ: ನೆಟ್ಟಗಿದೆಯೇ, ಪಿನ್ ತಿರುಗಿದೆಯೇ, ಕಮಾನಿನ ಬದಿ ಲಗ್ಗಿನ ಅಂಚಿಗೆ ಒತ್ತಿಕೊಂಡಿದೆಯೇ. ಆಮೇಲೆ ಒಂದಡಿಗಿಂತ ಕಡಿಮೆ ಎತ್ತಿ ಮತ್ತೆ ನಿಲ್ಲಿಸಿ. ಮಾಲು ಒಂದು ಕಡೆ ವಾಲಿದರೆ ಇಳಿಸಿ, ಸರಿಮಾಡಿ. ಗಾಳಿಯಲ್ಲಿರುವ ಮಾಲಿನ ಶ್ಯಾಕಲ್ಲನ್ನು ಸುತ್ತಿಗೆಯಿಂದ ಬಡಿದು ಸರಿಮಾಡುವುದನ್ನು ನೋಡಿದರೆ ಅಲ್ಲೇ ಕೆಲಸ ನಿಲ್ಲಿಸಿಬಿಡಿ.

ಹೈಡ್ರಾದಲ್ಲಿ (ಮಾಲು ಹೊತ್ತು ಓಡಾಡುವ ಚಕ್ರದ ಕ್ರೇನಿನಲ್ಲಿ) ಮಾಲು ತೂಗಿಸಿಕೊಂಡು ಹೋಗುವಾಗ ಗುಂಡಿಯಲ್ಲಿ ಚಕ್ರ ಬಿದ್ದರೆ ಮಾಲು ಒಂದು ಸಲ ಕೆಳಕ್ಕೆ ಕುಸಿದು ಮೇಲಕ್ಕೆ ಎಗರುತ್ತದೆ. ಆ ಕ್ಷಣಕ್ಕೆ ಶ್ಯಾಕಲ್ ಮೇಲೆ ಬೀಳುವ ಭಾರ ಮಾಲಿನ ತೂಕಕ್ಕಿಂತ ಎಷ್ಟೋ ಹೆಚ್ಚು. ಮಾಲನ್ನು ನೆಲದ ಹತ್ತಿರ ಇಟ್ಟುಕೊಂಡು, ಎರಡು ಕಡೆ ಗೈಡ್ ಹಗ್ಗ ಹಿಡಿಸಿ, ನಡೆಯುವ ವೇಗದಲ್ಲಿ ಹೋಗಿ. ದಾರಿಯಲ್ಲಿ ಗುಂಡಿ ಇದ್ದರೆ ಮೊದಲೇ ಪ್ಲೇಟ್ ಹಾಸಿ. ಸಿಗ್ನಲ್ ಕೊಡುವವರು ಒಬ್ಬರೇ ಇರಲಿ, ನಿಲ್ಲಿಸು ಎಂಬ ಸಿಗ್ನಲ್ ಮಾತ್ರ ಯಾರೇ ಕೊಟ್ಟರೂ ಡ್ರೈವರ್ ಕೇಳಬೇಕು. ಮಾಲಿನ ಕೆಳಗೆ ಯಾರೂ ಹೋಗಬಾರದು, ಮರದ ತುಂಡು ಸರಿಸಲಿಕ್ಕೂ ಕೂಡ.

ಇಳಿಸಿದ ಮೇಲೆ

ಮಾಲು ಪೂರ್ತಿ ನೆಲಕ್ಕೆ ಕೂತು ಅಲುಗಾಡದೆ ನಿಂತ ಮೇಲೆಯೇ ಪಿನ್ ಬಿಚ್ಚಿ. ಬಿಚ್ಚಿದ ಕೂಡಲೇ ಪಿನ್ನನ್ನು ಅದರ ಶ್ಯಾಕಲ್ಲಿಗೇ ಹಾಕಿ, ಇದೊಂದು ಅಭ್ಯಾಸವಾದರೆ ಬೋಲ್ಟ್ ಹುಡುಕುವ ಪ್ರಸಂಗವೇ ಬರುವುದಿಲ್ಲ. ಮೇಲಿನಿಂದ ಕೆಳಕ್ಕೆ ಎಸೆಯಬೇಡಿ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ಕೆಲಸ ಮಾಡಿದವರು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ತಿರುಪಿಗೆ ತೆಳುವಾಗಿ ಎಣ್ಣೆ ಹಚ್ಚಿ. ಸೈಜಿನ ಪ್ರಕಾರ ಮೊಳೆಗೆ ತೂಗುಹಾಕಿದರೆ ಕೈಗೆ ಸಿಕ್ಕಿದ್ದರ ಬದಲು ಬೇಕಾದದ್ದು ಸಿಗುತ್ತದೆ.

1948ರ ಕಾರ್ಖಾನೆ ಕಾಯ್ದೆಯ 29ನೇ ಕಲಮು ಎತ್ತುವ ಸಲಕರಣೆಗಳ ಪಟ್ಟಿಯಲ್ಲಿ ಶ್ಯಾಕಲ್ಲನ್ನು ಹೆಸರು ಹಿಡಿದೇ ಸೇರಿಸಿತ್ತು. ಸುರಕ್ಷಿತ ಭಾರವನ್ನೂ ಗುರುತಿನ ಚಿಹ್ನೆಯನ್ನೂ ಅದರ ಮೇಲೆ ನಮೂದಿಸಬೇಕು, ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ಪರೀಕ್ಷಕರಿಂದ ಪೂರ್ತಿ ತಪಾಸಣೆ ಮಾಡಿಸಿ ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಅದು ಹೇಳಿತ್ತು. ಒರಟು ಕೆಲಸದ ಸೈಟಿನಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿಸಿದರೂ ಹೆಚ್ಚಲ್ಲ. ತಪಾಸಣೆ ಆದದ್ದಕ್ಕೆ ಆ ಅವಧಿಯ ಬಣ್ಣ ಬಳಿಯುವ ಪದ್ಧತಿ ಒಳ್ಳೆಯದು, ಬಣ್ಣ ಅಚ್ಚಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ತಿರಸ್ಕರಿಸಿದ ಶ್ಯಾಕಲ್ಲನ್ನು ಕೆಂಪು ಬಣ್ಣ ಹೊಡೆದು ಮೂಲೆಗೆ ಹಾಕಿದರೆ ಅವಸರದ ದಿನ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಗುಜರಿಗೆ ಕೊಟ್ಟರೂ ಇನ್ಯಾರದೋ ಹುಕ್ಕಿಗೆ ಹೋಗಿ ಸೇರಬಹುದು. ಅದೇ ದಿನ ಗ್ಯಾಸ್ ಕಟರಿನಲ್ಲಿ ಕಮಾನನ್ನು ಎರಡು ತುಂಡು ಮಾಡಿ, ಪಿನ್ನನ್ನೂ ಕತ್ತರಿಸಿ, ರಿಜಿಸ್ಟರಿನಲ್ಲಿ ಅದರ ಸಂಖ್ಯೆಯ ಎದುರು ಷರಾ ಬರೆದು, ಆಮೇಲೆ ಗುಜರಿಗೆ ಹಾಕಿ.